ಪಾರವ್ವನ ಬಲಗೈ

ಗದಗಿನ ಒಂದು ಸಣ್ಣ ಖಾನಾವಳಿ... ಪಾರವ್ವನ ರೊಟ್ಟಿಗೆ ಅಲ್ಲಿ ಜನ ಕಾದು ಕೂರುತ್ತಿದ್ದರು.

ಅವಳು ಬಡಿಯುವಾಗ ನೋಡಬೇಕು. ಬಲಗೈ ಬೀಳುತ್ತಿದ್ದಂತೆ ಜೋಳದ ರೊಟ್ಟಿ ತಾನಾಗಿಯೇ ಗಿರಗಿರ ತಿರುಗುತ್ತಾ ಅಗಲವಾಗುತ್ತಿತ್ತು.

ಒಂದು ದಿನ ಹಿಟ್ಟಿನ ಗಿರಣಿಯ ಬೆಲ್ಟಿಗೆ ಆ ಕೈ ಸಿಕ್ಕಿತು. ಮಣಿಕಟ್ಟಿನ ಕೆಳಗೆ ಏನೂ ಉಳಿಯಲಿಲ್ಲ.

ಒಲೆ ಮಾತ್ರ ಆರಲಿಲ್ಲ... ಮಗಳು ದಾಕ್ಷಾಯಣಿ ಕಾಲೇಜು ಬಿಟ್ಟು ಅವ್ವನ ಜಾಗದಲ್ಲಿ ಕೂತಳು. ಬಿಎಸ್‌ಸಿ ಕೊನೆಯ ವರ್ಷ.

"ಈ ವರ್ಷ ಹೋದರ ಮುಂದಿನ ವರ್ಷ ಬರತೈತಿ ಬಿಡಬೇ" ಎಂದಳು.

ಮುಂದಿನ ವರ್ಷ ಅನ್ನುವುದು ಅಷ್ಟು ಸುಲಭವಾಗಿ ಬರುವುದಿಲ್ಲ ಎಂದು ಪಾರವ್ವನಿಗೆ ಗೊತ್ತಿತ್ತು.

ಕೃತಕ ಕೈಕಾಲು ಮಾಡುವ ವರ್ಕ್‌ಶಾಪಿಗೆ ಹೋದಳು. ಅಲ್ಲಿ ಮೇಜಿಗೆ ಬಾಗಿ ಕೂತಿದ್ದವನು ಕಾಳಪ್ಪಜ್ಜ... ಬಡಿಗೇರ ಕಾಳಪ್ಪ.

"ಎಂಥಾ ಕೈ ಬೇಕವಾ, ತಂಗಿ?"

"ಚಂದ ಇರೂದು ಬ್ಯಾಡ್ರಿ ಕಾಕಾ... ರೊಟ್ಟಿ ಬಡಿಯೂದು ಬೇಕ್ರಿ. ಮಗಳು ಕಾಲೇಜಿಗೆ ಹೋಗಬೇಕು."

ಅಜ್ಜ ಕನ್ನಡಕ ಮೇಲೇರಿಸಿದ. "ಪೆನ್ನು ಹಿಡಿಯೂ ಕೈ ಮಾಡೇನಿ, ಸೈಕಲ್ ಹೊಡಿಯೂ ಕೈ ಮಾಡೇನಿ. ರೊಟ್ಟಿ ಬಡಿಯೂದು ಯಾರೂ ಕೇಳಿದ್ದಿಲ್ಲ... ನೋಡೂಣು."

ಕಾಳಪ್ಪಜ್ಜನ ಬದುಕೇ ಹಾಗಿತ್ತು. ಮೊದಲು ಅಪ್ಪನ ಜೊತೆ ಬಂಡಿಯ ಗಾಲಿ ಮಾಡಿದ. ಆಮೇಲೆ ಸೈಕಲ್ ಶಾಪು. ಅಲ್ಲಿಂದ ನಾಟಕ ಕಂಪನಿ ಸೇರಿ, ನಟರ ಮುಖಕ್ಕೆ ಪ್ಲಾಸ್ಟರ್ ಮೆತ್ತಿ ಅಚ್ಚು ತೆಗೆದು ಮುಖವಾಡ ಮಾಡಿದ.

ಕಂಪನಿ ಮುಚ್ಚಿತು... ಹಾರ್ಮೋನಿಯಂ ರಿಪೇರಿಗೆ ಕೂತ. ಕೊನೆಗೆ ಇಲ್ಲಿಗೆ ಬಂದ. ಮುರಿದದ್ದು ಏನೇ ಕಂಡರೂ ಅವನ ಕೈ ಸುಮ್ಮನಿರುತ್ತಿರಲಿಲ್ಲ.

"ಹತ್ತು ಕಟ್ಟೂ ಕಡೆ ಒಂದು ಮುತ್ತು ಕಟ್ಟರಿ ಅಂತ ನನ್ನ ಹೇಣ್ತಿ ಬಾಯಿ ಬಡಕೊಂಡ್ಳು" ಎಂದು ಅಳತೆ ತೆಗೆದುಕೊಳ್ಳುತ್ತಾ ಅಜ್ಜ ನಕ್ಕ. "ಪಾಪ, ಮುತ್ತು ನೋಡದನ ಹೋದ್ಳು."

ಅಲ್ಲಿಯ ಪದ್ಧತಿ ಒಂದೇ... ಉಳಿದ ಕೈ ನೋಡಿ ಹೋದ ಕೈ ಮಾಡುವುದು. ಪಾರವ್ವನ ಎಡಗೈ ನೋಡಿ, ಅದಕ್ಕೆ ಜೋಡಿಯಾಗಿ ಬಲಗೈ ಮಾಡಿದ. ಉಗುರಿನ ಗೆರೆ ಕೂಡ ಇತ್ತು!

ಆ ಕೈ ಕಟ್ಟಿಕೊಂಡು ಪಾರವ್ವ ಒಲೆಯ ಮುಂದೆ ಕೂತಳು. ಬಡಿದಳು... ರೊಟ್ಟಿ ಅಂಟಿತು. ಮತ್ತೆ ಬಡಿದಳು... ಹರಿಯಿತು. ತಿರುಗಲೇ ಇಲ್ಲ.

ಊಟಕ್ಕೆ ಕೂತವನೊಬ್ಬ ಕೂಗಿದ, "ಪಾರಕ್ಕಾ, ಇದು ರೊಟ್ಟಿನೋ, ಕರ್ನಾಟಕದ ನಕಾಶೆನೋ?"

ಎಲ್ಲರೂ ನಕ್ಕರು. ಪಾರವ್ವನೂ ನಕ್ಕಳು. ಹಿತ್ತಲಿಗೆ ಹೋಗಿ, ಕೈ ಬಿಚ್ಚಿ ಕಟ್ಟೆಯ ಮೇಲಿಟ್ಟು, ಗೋಡೆಗೆ ಮುಖ ಮಾಡಿ ನಿಂತಳು.

ತನ್ನ ಕೆಲಸ ನೋಡಲು ಬಂದು ಊಟಕ್ಕೆ ಕೂತಿದ್ದ ಕಾಳಪ್ಪಜ್ಜ ತಟ್ಟೆ ಪಕ್ಕಕ್ಕೆ ಸರಿಸಿದ. ಅವಳ ಹಿಂದೆ ಹೋಗಲಿಲ್ಲ. ಒಲೆಯ ಮುಂದೆ ಮತ್ತೆ ಕೂತ ದಾಕ್ಷಾಯಣಿಯನ್ನೇ ನೋಡುತ್ತಾ ಉಳಿದ... ಬಹಳ ಹೊತ್ತು.

ಆಮೇಲೆ ಹಿತ್ತಲಿಗೆ ಬಂದ.

"ತಪ್ಪು ನಂದವಾ. ಎಡಗೈ ರೊಟ್ಟಿ ಅಂಚು ಕಾಯತೈತಿ. ಬಲಗೈ ಬಡದು, ತಿರುಗಸತೈತಿ. ಅವು ಜೋಡಿ ಅಲ್ಲ... ಬ್ಯಾರೆ ಬ್ಯಾರೆ ಕೈ."

"ಹೋದ ಕೈ ಎಲ್ಲಿಂದ ತರತೀರಿ ಕಾಕಾ?"

ಅಜ್ಜ ಒಲೆಯ ಕಡೆ ಗದ್ದ ಎತ್ತಿ ತೋರಿಸಿದ. "ಅಲ್ಲೈತಲ್ಲ."

ಪಾರವ್ವ ತಿರುಗಿ ನೋಡಿದಳು... ಮಗಳ ಕಿರುಬೆರಳು ತುಸು ಮೇಲೆದ್ದಿತ್ತು. ಮಣಿಕಟ್ಟು ಒಂದು ಬದಿಗೆ ವಾಲಿತ್ತು. ಥೇಟ್ ತನ್ನದೇ ಕೈ! ತನ್ನ ತೊಡೆಗೆ ತೊಡೆ ತಾಗಿಸಿ ಕೂತು ಕಲಿತ ಕೈ.

ಅಜ್ಜ ವರ್ಕ್‌ಶಾಪಿನಿಂದ ಪ್ಲಾಸ್ಟರ್ ತಂದು ದಾಕ್ಷಾಯಣಿಯ ಮುಂದೆ ಕೂತ.

"ಬಡಿಯವಾ ಮಗಳ... ಹಾಂ, ನಿಲ್ಲಸು! ಹಂಗ ಇರಲಿ!"

ನಾಟಕದವರ ಮುಖಕ್ಕೆ ಮೆತ್ತುತ್ತಿದ್ದ ಹಾಗೆ ಅಜ್ಜ ಅವಳ ಕೈಗೆ ಪ್ಲಾಸ್ಟರ್ ಮೆತ್ತಿದ.

"ಅಜ್ಜಾ, ತುರಸತೈತಿ!"

"ರಾವಣನ ಪಾರ್ಟಿನಾಂವನೂ ಹಿಂಗ ಒದರತಿದ್ದ. ತಡಕೋ ಸ್ವಲ್ಪ."

ಆ ಅಚ್ಚಿನಿಂದ ಹೊಸ ಕೈ ಹುಟ್ಟಿತು. ಒಳಗೆ, ಗಾಲಿಗೆ ಕೆತ್ತುವ ಹಾಗೆ ಕೆತ್ತಿದ ಗಟ್ಟಿ ಕಟ್ಟಿಗೆ. ಅದರ ಮೇಲೆ ಸೈಕಲ್ ಟ್ಯೂಬಿನಷ್ಟು ಮೆತ್ತನೆಯ ರಬ್ಬರು.

ಮಣಿಕಟ್ಟಿಗೆ, ಹಾರ್ಮೋನಿಯಂನ ಬೆರಳೊತ್ತುವ ಮನೆಗಳ ಕೆಳಗೆ ಇರುವಂಥ ಸ್ಪ್ರಿಂಗು... ಒತ್ತಿದರೆ ತಗ್ಗುವಂಥದ್ದು, ಬಿಟ್ಟರೆ ಏಳುವಂಥದ್ದು.

ನೋಡಲು ಚಂದವಿರಲಿಲ್ಲ. ಆದರೆ ಊರೂರು ಅಲೆದು, ಮುರಿದದ್ದನ್ನೆಲ್ಲ ಸರಿ ಮಾಡಿದ ಒಂದು ಇಡೀ ಜನ್ಮ ಆ ಒಂದು ಅಂಗೈಯೊಳಗೆ ಬಂದು ಕೂತಿತ್ತು.

ಪಾರವ್ವ ಕೈ ಕಟ್ಟಿಕೊಂಡಳು. ಹಿಟ್ಟು ನಾದಿ ಉಂಡೆ ಮಾಡಿಟ್ಟವಳು ದಾಕ್ಷಾಯಣಿ. ಖಾನಾವಳಿಯಲ್ಲಿ ಯಾರೂ ನಗಲಿಲ್ಲ.

ಒಂದು ಏಟು... ಇನ್ನೊಂದು... ರೊಟ್ಟಿ ಅಲುಗಿತು.

ಮತ್ತೊಂದು... ಮೆಲ್ಲಗೆ, ನಿದ್ದೆಯಿಂದ ಎದ್ದ ಹಾಗೆ, ರೊಟ್ಟಿ ತಿರುಗಿತು.

ತಿರುಗುತ್ತಲೇ ಹೋಯಿತು!

ಕಾಳಪ್ಪಜ್ಜ ಉಸಿರು ಬಿಗಿ ಹಿಡಿದು ನೋಡುತ್ತಿದ್ದ. ತಾನೇ ಮಾಡಿದ ಕೈ... ಆದರೂ ದೇವರ ಮುಂದೆ ನಿಂತವನ ಹಾಗೆ ಅವನ ಎರಡೂ ಕೈ ತಾವಾಗಿ ಕೂಡಿಕೊಂಡವು.

ರೊಟ್ಟಿ ಎತ್ತಿ ಹಂಚಿಗೆ ಹಾಕಲು ದಾಕ್ಷಾಯಣಿ ರೂಢಿಯಂತೆ ಮುಂದೆ ಬಾಗಿದಳು. ಪಾರವ್ವ ಎಡಗೈಯಿಂದ ಅವಳ ಕೈ ಹಿಡಿದು ಸರಿಸಿದಳು.

"ನೀ ಏಳು. ಕೈ ತೊಳಕೊಂಡು ಹೋಗು... ಕಾಲೇಜಿನ ಬಸ್ಸು ತಪ್ಪತೈತಿ."

ಮಗಳು ಏಳಲಿಲ್ಲ. ಹಿಟ್ಟು ಮೆತ್ತಿದ ಆ ರಬ್ಬರಿನ ಅಂಗೈಯನ್ನು ಎತ್ತಿ ಎರಡೂ ಕಣ್ಣಿಗೆ ಒತ್ತಿಕೊಂಡಳು.

ಆಮೇಲೆ ಎದ್ದಳು.

ಪ್ರೀತಿಯಿಂದ ಕಲಿತ ಯಾವ ಕೆಲಸವೂ ವ್ಯರ್ಥವಲ್ಲ... ಅದು ಬೇಕಾದವರು ಇನ್ನೂ ಬಾಗಿಲಿಗೆ ಬಂದಿರುವುದಿಲ್ಲ, ಅಷ್ಟೇ.

ನಿಮ್ಮ ಕೈ ಎಂದೋ ಕಲಿತು ಮರೆತ ಕೆಲಸ ಯಾವುದು? ಇವತ್ತು ಅದು ಯಾರಿಗೆ ಬೇಕಾಗಿರಬಹುದು?