ಮೂರನೇ ಮಹಡಿಗೆ, ಪ್ರೀತಿಯಿಂದ

"ಯಾರ ಹೆಸರಿಗೆ ಬರೀಲಮ್ಮಾ?" ಎಂದರು ಮಾಜಿ ಗವರ್ನರ್, ತಲೆ ಎತ್ತದೆ. ಅವರ ಹೊಸ ಪುಸ್ತಕ 'ಜನರ ಜೊತೆ ಐದು ವರ್ಷ'ಕ್ಕೆ ರುಜು ಹಾಕಿಸಿಕೊಳ್ಳುವವರ ಸಾಲು ಅಂಗಡಿಯ ಬಾಗಿಲು ದಾಟಿತ್ತು. ಜನರ ಜೊತೆಯಂತೆ! ನರ್ಸಮ್ಮ ಹಲ್ಲು ಕಚ್ಚಿಕೊಂಡು ಪುಸ್ತಕದ ಮೊದಲ ಪುಟ ತೆರೆದಳು. ಅದರ ಮೇಲೆ ಹಳೆಯ ಅರ್ಜಿಯೊಂದನ್ನು ಹರವಿ, ಮಡಿಕೆಗಳನ್ನು ಅಂಗೈಯಿಂದ ನೀವಿದಳು.

"ಸರ್ಕಾರಿ ಆಸ್ಪತ್ರೆ, ಮೂರನೇ ಮಹಡಿ, ಹೆರಿಗೆ ವಾರ್ಡಿಗೆ ಅಂತ ಬರೀರಿ."

ಪೆನ್ನು ಒಂದಿಷ್ಟೂ ತಡವರಿಸಲಿಲ್ಲ. ಕೆಟ್ಟು ನಿಂತ ಲಿಫ್ಟ್ ಸರಿ ಮಾಡಿಸಿಕೊಡಿ ಎಂದು ಅವರ ಕಾಲದಲ್ಲಿ ಅವಳು ಹನ್ನೊಂದು ಸಲ ಕೊಟ್ಟಿದ್ದ ಅರ್ಜಿ ಅದು. ಆ ಐದು ವರ್ಷವೂ ಬಸುರಿಯರನ್ನು ಕುರ್ಚಿಯಲ್ಲಿ ಕೂರಿಸಿ, ಒಂದು ಕಡೆ ಆಯಾ, ಇನ್ನೊಂದು ಕಡೆ ಇವಳು ಹಿಡಿದು ಅರವತ್ತಾರು ಮೆಟ್ಟಿಲು ಹತ್ತಿಸಿದ್ದರು. ಇವಳ ಸೊಂಟ ಬಿದ್ದೇಹೋಗಿತ್ತು. ಒಬ್ಬಳಿಗಂತೂ ಎರಡನೇ ಮಹಡಿಯ ತಿರುವಿನಲ್ಲೇ ಹೆರಿಗೆಯಾಗಿತ್ತು. ವಿಚಾರಿಸಲು ಹೋದಾಗಲೆಲ್ಲ ಗವರ್ನರ್ ಕಚೇರಿಯ ಗುಮಾಸ್ತನದು ಒಂದೇ ರಾಗ: "ಸಾಹೇಬ್ರು ಓದದೆ ಯಾವುದಕ್ಕೂ ರುಜು ಹಾಕೋದಿಲ್ಲಮ್ಮ. ಇನ್ನೂ ಓದಿಲ್ಲ, ಕಾಯಿರಿ."

ಮಾಜಿ ಗವರ್ನರ್ ಅರ್ಜಿಯ ಅಡಿಯಲ್ಲಿ 'ಮೂರನೇ ಮಹಡಿಯ ಹೆರಿಗೆ ವಾರ್ಡಿಗೆ, ಪ್ರೀತಿಯಿಂದ' ಎಂದು ಬರೆದು, ಉದ್ದ ಬಾಲದ ರುಜು ಎಳೆದು, ಮುಗುಳ್ನಗುತ್ತಾ ಪುಸ್ತಕವನ್ನು ಅವಳತ್ತ ತಳ್ಳಿದರು.

ನರ್ಸಮ್ಮ ಕದಲಲಿಲ್ಲ. "ಓದ್ಲೇ ಇಲ್ವಲ್ಲ ಸಾರ್," ಎಂದಳು. ಅರ್ಜಿಯನ್ನು ಎತ್ತಿ ಅವರ ಮುಂದೆ ಹಿಡಿದಳು. "ಆಗ್ಲೂ ಹೀಗೇ ಓದದೆ ಹಾಕ್ಬಿಟ್ಟಿದ್ರೆ ಸಾಕಿತ್ತು."