ಹತ್ತು ನಿಮಿಷಕ್ಕೊಮ್ಮೆ

ರಕ್ತಪರೀಕ್ಷೆಯ ರಿಪೋರ್ಟುಗಳನ್ನು ವಾರ್ಡುಗಳಿಗೆ ಕಳಿಸುವ ಪ್ರೋಗ್ರಾಮು, ಅಂದರೆ ಸರ್ವೀಸ್, ಆಸ್ಪತ್ರೆಯ ಸರ್ವರ್‌ನಲ್ಲಿ ಬೆಳಿಗ್ಗೆಯಿಂದ ಏಳನೇ ಸಲ ನಿಂತುಹೋಯಿತು. ಕಂಪ್ಯೂಟರ್ ಕೋಣೆಯಲ್ಲಿ ಕೂತಿದ್ದ ಅವಳು ಅದನ್ನು ಮತ್ತೆ ಎಬ್ಬಿಸಿದಳು. ಸರಿಯಾಗಿ ಹತ್ತು ನಿಮಿಷಕ್ಕೆ ಅದು ಮತ್ತೆ ಮಲಗಿತು.

“ಏನಮ್ಮಾ ಇದು? ರಿಪೋರ್ಟ್ ಹಿಡ್ಕೊಂಡು ಮೆಟ್ಟಿಲು ಹತ್ತಿ ಹತ್ತಿ ಕಾಲು ಬಿದ್ದೋಯ್ತು. ಐಸಿಯುನವರು ಬೇರೆ ಕಾಯ್ತಿದ್ದಾರೆ,” ಎಂದು ನರ್ಸಮ್ಮ ಬಾಗಿಲಲ್ಲಿ ನಿಂತು ಗೊಣಗಿದರು.

“ನೋಡ್ತಿದ್ದೀನಿ ಅಕ್ಕ.”

ಸರ್ವೀಸ್ ತಾನೇ ಬರೆದಿಡುವ ಲಾಗ್‌ನಲ್ಲಿ ಪ್ರತಿ ಸಲವೂ ಒಂದೇ ಸಾಲಿತ್ತು: ಅಣ್ಣನ ಕಂಪ್ಯೂಟರಿನಿಂದ ಉತ್ತರವಿಲ್ಲ. ಈ ಸರ್ವೀಸ್ ಕಟ್ಟಿದವನು, ಇದೇ ಕೋಣೆಯಲ್ಲಿ ಕೆಲಸಕ್ಕಿದ್ದ ಅವಳ ಅಣ್ಣನೇ. ರಜೆ ಹಾಕಿ ಗೊತ್ತಿಲ್ಲದ ಆಸಾಮಿ. ತನ್ನ ಕಂಪ್ಯೂಟರ್ ಆರುವುದೇ ಇಲ್ಲವೆಂದು ನಂಬಿ, ಹತ್ತು ನಿಮಿಷಕ್ಕೊಮ್ಮೆ ಅದನ್ನು ಮಾತಾಡಿಸಿಯೇ ಮುಂದುವರಿಯುವಂತೆ ಬರೆದಿಟ್ಟಿದ್ದ. ಇವತ್ತು ಬೆಳಿಗ್ಗೆ ಅದರ ವೈರು ಕಿತ್ತು, ಮೇಜು ಒರೆಸಿ, ಉಗ್ರಾಣಕ್ಕೆ ಸಾಗಿಸಿದವಳು ಅವಳು. ಕಣ್ಣಲ್ಲಿ ಒಂದು ಹನಿ ನೀರು ಬಂದಿರಲಿಲ್ಲ.

ಅಣ್ಣ ತೀರಿಕೊಂಡ ಸುದ್ದಿಯನ್ನು ತಿಂಗಳ ಹಿಂದೆ ಅಮ್ಮನಿಗೆ, ಅತ್ತಿಗೆಗೆ, ಹಾಲಿನವನಿಗೆ ಅವಳೇ ಒಂದೇ ದನಿಯಲ್ಲಿ ಹೇಳಿದ್ದಳು. ಈ ಸರ್ವೀಸ್ ಒಂದಕ್ಕೆ ಹೇಳುವುದು ಮರೆತಿತ್ತು.

ಅಣ್ಣನ ಹೆಸರಿದ್ದ ಸಾಲನ್ನು ಅಳಿಸಿ, ಸರ್ವೀಸನ್ನು ಎಬ್ಬಿಸಿ, ಕೈಕಟ್ಟಿ ಕೂತಳು. ಹನ್ನೊಂದನೇ ನಿಮಿಷವೂ ಕಳೆಯಿತು. ಅದು ನಡೆಯುತ್ತಲೇ ಇತ್ತು.

“ಸರಿಹೋಯ್ತಾ?” ನರ್ಸಮ್ಮ ಮತ್ತೆ ಬಾಗಿಲಲ್ಲಿ ಇಣುಕಿದರು.

“ಹ್ಞೂಂ ಅಕ್ಕ. ಇನ್ಮೇಲೆ ಅದು ಅಣ್ಣನ್ನ ಕೇಳಲ್ಲ.”