ದೊಡ್ಡ ಡಾಕ್ಟರ ಹೆಸರಿನಲ್ಲಿ

ವಿಮಾನದಿಂದ ಇಳಿದ ಮಧುಕರ್ ಪಾಲೋ ಆಲ್ಟೋದ ತನ್ನ ಮನೆಗೆ ಹೋಗದೆ ನೇರವಾಗಿ ಹತ್ತಿರದ ಊರು ಕ್ಯಾಂಪ್‌ಬೆಲ್ಲಿನ ದೊಡ್ಡ ಡಾಕ್ಟರ ಮನೆಗೆ ಬಂದ. ಬಾಗಿಲು ತೆರೆದ ವಸುಧಮ್ಮ ಒಳಗೆ ಬಾ ಎನ್ನುವುದನ್ನೂ ಮರೆತರು.

“ಸೇರಿತೇನೋ?”

“ಸೇರಿತು ಆಂಟಿ. ಅಷ್ಟೂ ಸೇರಿತು. ಒಂದು ಬಾಕ್ಸೂ ವಾಪಸ್ ಬರ್ಲಿಲ್ಲ.”

ಆಕೆ ಬಾಗಿಲ ಚೌಕಟ್ಟು ಹಿಡಿದು ಕಣ್ಣು ಮುಚ್ಚಿದರು. ಹೊರಗಿನವರನ್ನು ಸುಲಭಕ್ಕೆ ಬಿಟ್ಟುಕೊಳ್ಳದ, ಫೋನೂ ಕಾಗದವೂ ಹೋಗದ ಆ ದೇಶಕ್ಕೆ ಹನ್ನೆರಡು ವರ್ಷ ಕ್ಷಯದ ಔಷಧಿ ಒಯ್ದವರು ಆಕೆಯ ಯಜಮಾನರು, ಡಾಕ್ಟರ್ ವ್ಯಾಸರಾಜರು. ಈ ಸಲದ ಪರವಾನಗಿ ಬಂದದ್ದೂ ಅವರ ಹೆಸರಿಗೇ. ಅದು ಬಂದ ವಾರಕ್ಕೆ ಅವರು ತೀರಿಕೊಂಡರು. ಹೊಸ ಹೆಸರಿಗೆ ಪರವಾನಗಿ ಎಂದರೆ ಇನ್ನೊಂದು ವರ್ಷ ಕಾಯಬೇಕು. ಅಲ್ಲಿ ಮುನ್ನೂರು ರೋಗಿಗಳು ಅರ್ಧ ಔಷಧಿ ಮುಗಿಸಿ ಕಾದಿದ್ದರು. ನಡುವೆ ನಿಂತರೆ ಅವರು ಉಳಿಯುವಂತಿರಲಿಲ್ಲ. ಪ್ರತಿ ಸಲ ವ್ಯಾಸರಾಜರ ಜೊತೆಗೆ ಹೋಗುತ್ತಿದ್ದ ಮಧುಕರ್ ಈ ಸಲ ಒಬ್ಬನೇ ಹೊರಟಿದ್ದ. ಆಮೇಲೆ ಹದಿನೇಳು ದಿನ ಸುದ್ದಿಯೇ ಇರಲಿಲ್ಲ.

“ಕೈಕಾಲು ತೊಳ್ಕೊ, ಸಾರು ಬಿಸಿ ಇದೆ. ಕಡ್ಡಿ ಆಗಿದೀಯಲ್ಲೋ!”

“ಮೂರು ಹೊತ್ತೂ ಎಲೆಕೋಸು ಆಂಟಿ. ಡಯಟ್ಟು ಫ್ರೀ.”

ಊಟದ ನಡುವೆ ಅವನು ಅಲ್ಲಿಯ ಸಂಗತಿ ಹೇಳಿದ. ರೋಗಿಗಳು ಔಷಧಿಯ ಡಬ್ಬಿಯನ್ನು ಕಣ್ಣಿಗೊತ್ತಿಕೊಂಡೇ ತೆರೆಯುತ್ತಾರಂತೆ. “ಅಂಕಲ್ ಹಾಗೆ ಮಾಡೋದನ್ನ ನೋಡಿ ಕಲ್ತಿದಾರೆ. ದೇವರು ಅಂದ್ರೆ ಜೈಲು ಅಲ್ಲಿ. ಆಫೀಸರುಗಳು ಅದೂ ಟ್ರೀಟ್‌ಮೆಂಟೇ ಅಂದ್ಕೊಂಡಿದಾರೆ!”

ವಸುಧಮ್ಮ ಎಷ್ಟೋ ದಿನದ ಮೇಲೆ ನಕ್ಕರು. ಮಧುಕರನ ಕೈ ಮಾತ್ರ ತಟ್ಟೆಯಲ್ಲೇ ನಿಂತಿತು.

“ಆಂಟಿ, ಒಂದು ತಪ್ಪು ಮಾಡ್ದೆ. ಗಡೀಲಿ ಕೇಳಿದ್ರು, ದೊಡ್ಡ ಡಾಕ್ಟರು ಎಲ್ಲಿ ಅಂತ. ನಿಜ ಹೇಳಿದ್ರೆ ಟ್ರಕ್ಕು ವಾಪಸ್. ಹುಷಾರಿಲ್ಲ, ಮನೇಲಿದಾರೆ ಅಂದ್ಬಿಟ್ಟೆ.”

ವಸುಧಮ್ಮ ದೇವರ ಗೂಡಿನ ಕಡೆ ಒಮ್ಮೆ ನೋಡಿದರು. ದೀಪ ಉರಿಯುತ್ತಿತ್ತು.

“ಏನಾಗಿದೆ ಅಂದೆ?”

“ಅದೇನೂ ಹೇಳ್ಲಿಲ್ಲ.”

“ಮುಂದಿನ ಸಲ ಕೇಳೇ ಕೇಳ್ತಾರೆ,” ಎನ್ನುತ್ತ ಆಕೆ ಅವನ ಅನ್ನಕ್ಕೆ ಇನ್ನೊಂದು ಸೌಟು ಸಾರು ಬಡಿಸಿದರು. “ಮಂಡಿನೋವು ಅನ್ನು. ಅದು ಬೇಗ ವಾಸಿಯಾಗಲ್ಲ, ಜೀವಕ್ಕೂ ಏನೂ ಆಗಲ್ಲ.”